ಹಾಕುವ ನೀರು, ತೆಗೆಯುವ ನೀರು

ಫೋನ್ ಎತ್ತಿದ್ದು ಅವಳ ಅತ್ತೆ.

"ಅವಳು ಬರಕ್ಕಾಗಲ್ಲಮ್ಮ. ಅಮ್ಮೋರು ಬಂದವ್ರೆ. ಮೂರು ನೀರು ಹಾಕೋಗಂಟ ಹೊಸಲು ದಾಟಂಗಿಲ್ಲ," ಅಂದವರೇ ಫೋನ್ ಇಟ್ಟುಬಿಟ್ಟರು.

ನಮ್ಮ ಕಡೆ ಬೇಸಿಗೆಯಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಅದನ್ನು ಯಾರೂ ಕಾಯಿಲೆ ಅನ್ನುವುದಿಲ್ಲ. ಅಮ್ಮ ಬಂದಿದ್ದಾಳೆ, ಇದ್ದು ಹೋಗುತ್ತಾಳೆ. ಬಾಗಿಲಿಗೆ ಬೇವಿನ ಸೊಪ್ಪು, ಕಿಟಕಿಗೆ ಬಟ್ಟೆ. ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಮಾತ್ರೆ ನುಂಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಬೇವು ಹಾಕಿ ಬಿಸಿಲಿಗಿಟ್ಟ ನೀರನ್ನು ದಿನ ಬಿಟ್ಟು ದಿನ ಮೂರು ಸಲ ತಲೆಗೆ ಹುಯ್ದರೆ ಅಮ್ಮ ಹೊರಟಳೆಂದು ಲೆಕ್ಕ. ನಾನು ಶ್ರೀನಿವಾಸಪುರದವಳು. ಚಿಕ್ಕಂದಿನಲ್ಲಿ ನನಗೂ ಆ ಮೂರು ನೀರು ಆಗಿವೆ. ಬಿ.ಎಸ್ಸಿ. ನರ್ಸಿಂಗ್ ಓದಿದ ಮೇಲೂ ಅದರಲ್ಲಿ ನಗುವಂಥದ್ದೇನೂ ನನಗೆ ಕಂಡಿಲ್ಲ.

ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಕೋಲಾರದ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕೇಂದ್ರದಲ್ಲಿ ನಾನು ನರ್ಸ್. ಆ ಮನೆಯ ಸೊಸೆ ನಮ್ಮಲ್ಲಿಗೆ ಬರುತ್ತಿದ್ದವಳು. ಗಂಡ ಅದೇ ಕಾಯಿಲೆಯಿಂದ ಹೋದ ಮೇಲೆ ಅತ್ತೆಯ ಜೊತೆಗೇ ಉಳಿದು, ಸೀಸನ್ನಿನಲ್ಲಿ ಮಾವಿನ ಮಂಡಿಗೆ ಕಾಯಿ ವಿಂಗಡಿಸಲು ಹೋಗುತ್ತಿದ್ದಳು. ಚೆನ್ನಾಗಿದ್ದೀನಲ್ಲ ಅಂದುಕೊಂಡು ಮಾತ್ರೆ ಬಿಟ್ಟಳು. ಬಹಳ ಕಾಲದ ಮೇಲೆ ತಾನಾಗಿಯೇ ಬಂದಾಗ ಅರ್ಧಕ್ಕೆ ಇಳಿದುಹೋಗಿದ್ದಳು. ಮೈಯ ಕಾವಲು ಎಷ್ಟು ಉಳಿದಿದೆ ಎಂದು ತೋರಿಸುವ ಸಿಡಿ4 ಪರೀಕ್ಷೆಗೆ ರಕ್ತ ಕೊಟ್ಟು ಹೋದಳು. ಫಲಿತಾಂಶ ಬಂದಾಗ ನೋಡಿದರೆ ಕಾವಲು ಅನ್ನುವಂಥದ್ದು ಉಳಿದೇ ಇರಲಿಲ್ಲ. ತಕ್ಷಣ ಬಾ ಎಂದು ಹೇಳಲು ನಾನು ಮಾಡಿದ ಫೋನನ್ನು ಅತ್ತೆ ಎತ್ತಿದ್ದು.

ಅಂಥ ಮೈಗೆ ನಿಜವಾಗಿ ಸೀತಾಳೆ ಸಿಡುಬೇ ಬಂದಿದ್ದರೂ ಅಪಾಯ. ಸಿಡುಬು ಅಲ್ಲದಿದ್ದರೆ?

ಮಧ್ಯಾಹ್ನ ಡ್ಯೂಟಿ ಮುಗಿಸಿ ನಮ್ಮೂರಿನ ಬಸ್ ಹತ್ತಿ, ನಡುವೆ ಅವರ ಹಳ್ಳಿಗೆ ತಿರುಗುವ ಗೇಟಿನಲ್ಲಿ ಇಳಿದೆ. ಗುರುತಿನ ಚೀಟಿ ತೆಗೆದು ಬ್ಯಾಗಿಗೆ ಹಾಕಿದೆ. ಇಂಥ ಮನೆಗಳಿಗೆ ನಾವು ಆಸ್ಪತ್ರೆಯ ಬೋರ್ಡಿರುವ ಗಾಡಿಯಲ್ಲಿ ಹೋಗುವುದಿಲ್ಲ. ಅಂಗಡಿಯ ಮುಂದೆ ಕೂತಿದ್ದವರು ಯಾರ ಮನೆಗೆ ಎಂದು ಕೇಳಿದರು. ಮಂಡಿಯ ಗೆಳತಿ ಎಂದೆ.

ಅತ್ತೆ ಬಾಗಿಲಲ್ಲೇ ಕೈ ಅಡ್ಡ ಇಟ್ಟರು. ಸಣ್ಣ ಆಳು, ದೊಡ್ಡ ದನಿ.

"ವದ್ದಮ್ಮಾ ವದ್ದು, ಒಳಕ್ಕೆ ಬರಬ್ಯಾಡ. ಕೋಲಾರದ ಸಿಸ್ಟರಮ್ಮನಾ? ಫೋನಲ್ಲೇ ಹೇಳಿದ್ನಲ್ಲ."

"ಹೇಳಿದ್ರಮ್ಮ. ನಂಗೂ ಅಮ್ಮೋರು ಬಂದು ಹೋಗವ್ರೆ. ಕಾಲು ತೊಳ್ಕೊಂಡು ಬಂದು, ಕೈ ಮುಗಿದು ಹೋಗ್ತೀನಿ."

ಅವರು ಅಡ್ಡ ಇಟ್ಟ ಕೈ ತೆಗೆದು ನೀರಿನ ಚೊಂಬು ಮುಂದೆ ಇಟ್ಟರು.

ಒಳಗೆ ಕತ್ತಲು. ಬೇವಿನೆಲೆ ಹರಡಿದ ಚಾಪೆಯ ಮೇಲೆ ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೊಬೈಲಿನ ಬೆಳಕು ಹಾಕಿದ್ದೇ ತಡ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನರಳಿದಳು. ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಹಣೆ, ಕೆನ್ನೆ ನೋಡಿದೆ. ಗುಳ್ಳೆಗಳು ಇದ್ದವು, ಆದರೆ ಒಂದರಲ್ಲೂ ನೀರಿಲ್ಲ. ಗಟ್ಟಿಯಾಗಿ, ಚರ್ಮದ ಬಣ್ಣದಲ್ಲೇ ಎದ್ದು, ನಡುವೆ ಗುಂಡುಸೂಜಿಯ ತಲೆಯಿಂದ ಒತ್ತಿದಂತೆ ಕುಳಿ. ಎಷ್ಟು ದಿನವಾಯಿತು ಎಂದು ಕೇಳಿದೆ.

"ಸಂತೆ ಎರಡು ಕಳೀತು," ಅಂದರು ಅತ್ತೆ. "ಒಂದು ನೀರು ಹಾಕಿದ್ವಿ. ಗುಳ್ಳೆ ಬಾಡ್ಲಿಲ್ಲ. ಬಾಡ್ದೆ ಎರಡನೇದು ಹೆಂಗೆ ಹಾಕಾದು?"

ಸಿಡುಬಾಗಿದ್ದರೆ ಅಷ್ಟು ಹೊತ್ತಿಗೆ ಒಡೆದು, ಒಣಗಿ, ಹಕ್ಕಳೆ ಉದುರಬೇಕಿತ್ತು. ಕತ್ತಿನ ಕೆಳಗೆ ಕೈಯಿಟ್ಟು ತಲೆಯನ್ನು ಮೆಲ್ಲಗೆ ಎತ್ತಿ ನೋಡಿದೆ. ಗಲ್ಲ ಎದೆಗೆ ತಾಗಲಿಲ್ಲ, ಕತ್ತು ಮರದ ಹಾಗೆ ಬಿಗಿದಿತ್ತು. ಮಿದುಳಿನ ಪೊರೆಗೆ ಸೋಂಕು ತಗುಲಿದರೆ ಹೀಗಾಗುತ್ತದೆ.

ಆಗ ನನಗೆ ಆ ಮನೆಯಲ್ಲಿ ಆದದ್ದೆಲ್ಲ ಒಟ್ಟಿಗೆ ಅರ್ಥವಾಯಿತು. ಬೆಳಕು ತಡೆಯದವಳನ್ನು ಕತ್ತಲಲ್ಲಿ ಇಟ್ಟಿದ್ದರು. ಸದ್ದು ತಡೆಯದವಳ ಮನೆಯಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದರು. ವಾಂತಿಯಾದರೆ ಉಷ್ಣ ಅಂದರು, ಮಾತಾಡದೆ ಮಲಗಿದರೆ ಭಯಭಕ್ತಿ ಅಂದರು. ಕಾಯಿಲೆಯ ಒಂದೊಂದು ಲಕ್ಷಣಕ್ಕೂ ಸಂಪ್ರದಾಯದಲ್ಲಿ ಒಂದೊಂದು ಜಾಗ ಸಿಕ್ಕಿಬಿಟ್ಟಿತ್ತು. ಅವರು ಪ್ರೀತಿಯಿಂದ ಮಾಡಿದ್ದೇ ಅದನ್ನು ಮುಚ್ಚಿಟ್ಟಿತ್ತು.

ಇದು ಅಮ್ಮ ಅಲ್ಲ ಎಂದು ನಾನು ಹೇಳಿದ್ದರೆ ಆ ಕ್ಷಣವೇ ನನ್ನನ್ನು ಹೊರಗೆ ಹಾಕುತ್ತಿದ್ದರು. ನನ್ನ ಕಣ್ಣಿಗೆ ಆಕೆಯ ಹುಬ್ಬುಗಳ ನಡುವೆ ಒಂದು ಹಳೆಯ ಕಲೆ ಬಿತ್ತು. ನನಗೂ ಅಂಥದ್ದೊಂದಿದೆ, ಮೊಣಕೈ ಹತ್ತಿರ.

"ಇದು ಯಾವಾಗಿಂದಮ್ಮ?" ಎಂದು ಅವಳನ್ನೇ ಕೇಳಿದೆ.

"ಸ್ಕೂಲಲ್ಲಿದ್ದಾಗ... ಅಮ್ಮೋರು ಬಂದಿದ್ರು."

ಅತ್ತೆ ಬಗ್ಗಿ ನೋಡಿದರು. "ಏಮೇ, ನಿಜವಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಅತ್ತೆ."

ಅತ್ತೆ ಗೋಡೆಗೊರಗಿ ಕುಕ್ಕರಿಸಿದರು. ಒಂದು ಸಲ ಬಂದವರ ಹತ್ತಿರ ಅಮ್ಮ ಎರಡನೇ ಸಲ ಬರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. "ಹಂಗಾದ್ರೆ ಈಗ ಬಂದಿರೋದ್ ಯಾರು?" ಅಂದರು.

"ಅದನ್ನ ಕೋಲಾರದಲ್ಲಿ ನೋಡಿ ಹೇಳ್ತೀನಿ. ನಾಳೆ ಅಲ್ಲ, ಈಗ್ಲೇ ಹೊರಡ್ಬೇಕು."

ಅವರು ಎದ್ದರು. ಹಿತ್ತಲಿನಲ್ಲಿ ಬಿಸಿಲಿಗಿಟ್ಟಿದ್ದ ನೀರಿನಿಂದ ಒಂದು ಚೊಂಬು ತಂದು ಸೊಸೆಯ ಪಾದಕ್ಕೆ ಹುಯ್ದರು. "ಬಂದಿಲ್ದೆ ಇದ್ರೂ ಕರೆದಿದ್ದು ಕರೆದ್ವಿ. ಸುಮ್ನೆ ಕಳ್ಸಕ್ಕಾಗಲ್ಲ," ಎಂದು ನನಗೆ ಹೇಳಿದರು. ಮಂಡಿಗೆ ಕಾಯಿ ಇಳಿಸಿ ಬಂದಿದ್ದ ಟೆಂಪೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿದೆವು.

ಕೋಲಾರದ ಆಸ್ಪತ್ರೆಯಲ್ಲಿ, ಅವಳ ರಕ್ತದ ಹನಿಯಲ್ಲಿ ಅದ್ದಿದ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಕ್ರಿಪ್ಟೋಕಾಕಸ್. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಇರುವ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು. ಅದರ ಧೂಳನ್ನು ನಾವೆಲ್ಲ ಉಸಿರಾಡಿರುತ್ತೇವೆ, ಏನೂ ಆಗುವುದಿಲ್ಲ. ಮೈಯ ಕಾವಲು ಬಿದ್ದವರಲ್ಲಿ ಅದು ಶ್ವಾಸಕೋಶದಿಂದ ಹೊರಟು ಮಿದುಳಿನ ಪೊರೆಗೆ ಹತ್ತುತ್ತದೆ, ಕೆಲವರಲ್ಲಿ ಚರ್ಮಕ್ಕೂ ಬರುತ್ತದೆ. ಅದು ಮಿದುಳಿನ ಸುತ್ತಲಿನ ನೀರು ಇಂಗಿಹೋಗುವ ದಾರಿಗಳನ್ನು ಕಟ್ಟಿಬಿಡುತ್ತದೆ. ಒಳಗೆ ಒತ್ತಡ ಏರುತ್ತದೆ. ಎಷ್ಟೋ ಸಲ ಪ್ರಾಣ ಹೋಗುವುದು ಆ ಒತ್ತಡದಿಂದ.

ತಲೆಯ ಸ್ಕ್ಯಾನ್ ಆಯಿತು. ಇನ್ನು ಬೆನ್ನುಹುರಿಯ ನೀರು ತೆಗೆಯಬೇಕು. ಅಷ್ಟರಲ್ಲಿ ಮಾಲೂರಿನಿಂದ ಆಕೆಯ ಅಣ್ಣ ಬಂದ. ಇಟ್ಟಿಗೆ ಫ್ಯಾಕ್ಟರಿಯಲ್ಲಿ ಮೇಸ್ತ್ರಿ, ಗಟ್ಟಿ ಆಳು, ತಂಗಿಯನ್ನು ನೋಡಿದ್ದೇ ಕಣ್ಣೊರೆಸಿಕೊಂಡ. ಬೆನ್ನಿಗೆ ಸೂಜಿ ಅಂದದ್ದೇ ತಿರುಗಿಬಿದ್ದ.

"ಆಗಲ್ಲ ಸಾರ್. ನಮ್ ಫ್ಯಾಕ್ಟ್ರೀಲಿ ಒಬ್ಬಂಗೆ ಬೆನ್ನಲ್ಲಿ ನೀರು ತೆಗೆದ್ರು, ಸೊಂಟ ಬಿದ್ದೋಯ್ತು."

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಧೈರ್ಯ ಹೇಳಲು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು: "ಏನೂ ಆಗಲ್ಲ. ಒಂದೇ ಸಲ, ಅಷ್ಟೇ."

ಅಣ್ಣ ಒಪ್ಪಿದ. ಆ ಒಂದು ಮಾತು ಮುಂದೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ಹೇಳುತ್ತೇನೆ.

ಆಕೆಯನ್ನು ಪಕ್ಕಕ್ಕೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ಮಡಿಸಿ ನಾನು ಹಿಡಿದುಕೊಂಡೆ. ಸೂಜಿ ಒಳಗೆ ಹೋಗಿ, ಅಳತೆಯ ನಳಿಕೆ ಜೋಡಿಸಿದಾಗ ನೀರು ಮೇಲೇರತೊಡಗಿತು. ಎಲ್ಲೋ ಒಂದು ಕಡೆ ನಿಲ್ಲುತ್ತದೆ ಎಂದು ನೋಡುತ್ತಲೇ ಇದ್ದೆವು. ನಿಲ್ಲದೆ ನಳಿಕೆಯ ತುದಿಯಿಂದ ತುಳುಕಿತು. ಡಾಕ್ಟರು ಒತ್ತಡ ಇಳಿಯುವವರೆಗೂ ಹನಿಹನಿಯಾಗಿ ಬಿಟ್ಟರು. ನೀರು ತಿಳಿಯಾಗಿತ್ತು, ಕುಡಿಯುವ ನೀರಿನ ಹಾಗೆ. ಪ್ರಯೋಗಾಲಯದಲ್ಲಿ ಅದಕ್ಕೆ ಕಪ್ಪು ಶಾಯಿ ಬೆರೆಸಿ ನೋಡಿದರು. ನಾನೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದೆ. ಕಪ್ಪಿನ ನಡುವೆ ಬೆಳ್ಳಗೆ ಬಳೆ ಕಟ್ಟಿಕೊಂಡ ಕಣಗಳು, ಎಣಿಸಲಾಗದಷ್ಟು.

ಆ ಸಂಜೆ ಆಕೆ ತಲೆನೋವು ಇಳಿಯಿತು ಎಂದು ಎದ್ದು ಕೂತು ಅರ್ಧ ಇಡ್ಲಿ ತಿಂದಳು. ನೀರು ಹೋಯಿತು, ಕಾಯಿಲೆ ಹೋಯಿತು ಎಂದು ಅತ್ತೆ ವಾರ್ಡಿಗೆಲ್ಲ ಸಾರಿದರು.

ಶಿಲೀಂಧ್ರವನ್ನು ಕೊಲ್ಲುವ ಔಷಧದ ಹೆಸರು ಆಂಫೋಟೆರಿಸಿನ್. ವಾರ್ಡಿನಲ್ಲಿ ಅದನ್ನು ಕೊಟ್ಟು ಅಭ್ಯಾಸವಿದ್ದವರು ಕಡಿಮೆ, ಹಾಗಾಗಿ ಕೇಳಿಕೊಂಡು ನಾನೇ ಅಲ್ಲಿಗೆ ಡ್ಯೂಟಿ ಹಾಕಿಸಿಕೊಂಡೆ. ಫ್ರಿಜ್ಜಿನಲ್ಲಿಡುವ ಹಳದಿ ಪುಡಿ ಅದು. ಶುದ್ಧ ನೀರಿನಲ್ಲಿ ಕರಗಿಸಿ ಸಕ್ಕರೆನೀರಿನ ಡೆಕ್ಸ್‌ಟ್ರೋಸ್ ಬಾಟಲಿಗೆ ಸೇರಿಸಬೇಕು. ಉಪ್ಪುನೀರಿನ ಸಲೈನು ತಾಗಿದರೆ ಒಡೆದ ಹಾಲಿನಂತೆ ಚೂರುಚೂರಾಗುತ್ತದೆ. ಆದರೆ ಮೂತ್ರಪಿಂಡ ಉಳಿಯಬೇಕಾದರೆ ಅದಕ್ಕೆ ಮೊದಲು ಪೊಟ್ಯಾಸಿಯಂ ಬೆರೆಸಿದ ಅದೇ ಉಪ್ಪುನೀರನ್ನೇ ಕೊಡಬೇಕು. ಎರಡರ ನಡುವೆ ನಳಿಕೆಯನ್ನು ಡೆಕ್ಸ್‌ಟ್ರೋಸಿನಿಂದ ತೊಳೆಯಬೇಕು. ಬಾಟಲಿಗೆ ಬೆಳಕು ಬೀಳದಂತೆ ಕಪ್ಪು ಕಾಗದ ಸುತ್ತಿ, ಹನಿ ನಿಧಾನವಾಗಿ ಬಿಟ್ಟು, ಪಕ್ಕದಲ್ಲಿ ಕೂರಬೇಕು. ಜೊತೆಗೆ ನುಂಗುವ ಮಾತ್ರೆಗಳು ಬೇರೆ.

"ಅದಕ್ಕೂ ಬೆಳಕಾಗಲ್ವಾ?" ಎಂದು ಆಕೆ ಕಪ್ಪು ಬಾಟಲಿಯನ್ನು ನೋಡಿ ಕೇಳಿದಳು. "ನನ್ ಥರಾನೇ."

ಮೊದಲ ಬಾಟಲಿಗೇ ಚಳಿ ಹಿಡಿಯಿತು. ಮಂಚ ಗಡಗಡ ಅಲುಗಿತು. ಹನಿ ನಿಲ್ಲಿಸಿ, ಚಳಿಗೆ ಇಂಜೆಕ್ಷನ್ ಕೊಟ್ಟು, ಕಂಬಳಿ ಹೊದಿಸಿ, ಮತ್ತೆ ಇನ್ನೂ ನಿಧಾನವಾಗಿ ಶುರುಮಾಡಿದೆ. ಹಲ್ಲು ಕಡಿಯುತ್ತಲೇ, "ನಿಲ್ಲಿಸ್ಬೇಡಿ ಸಿಸ್ಟರ್, ಇದು ನನ್ನ ಅಲ್ಲಾಡಿಸ್ತಿಲ್ಲ, ಅದನ್ನ ಅಲ್ಲಾಡಿಸ್ತಿದೆ," ಅಂದಳು. ಮರುದಿನಗಳಲ್ಲಿ ರಕ್ತದ ಪೊಟ್ಯಾಸಿಯಂ ಇಳಿಯಿತು, ಕಾಲು ಸೋತವು, ನಾಡಿ ತಪ್ಪತೊಡಗಿತು. ಪೊಟ್ಯಾಸಿಯಂ ಡೋಸ್ ಏರಿಸಿದೆವು. ಅದರ ಸಿರಪ್ಪು ಕಹಿಯೆಂದರೆ ಅತ್ತೆ ಎಳನೀರು ತಂದು, ಅದರಲ್ಲಿ ಬೆರೆಸಿ ಮೂಗು ಹಿಡಿದು ಕುಡಿಸಿದರು. ಎಚ್‌ಐವಿ ಮಾತ್ರೆ ಈಗಲೇ ಯಾಕೆ ಶುರುಮಾಡಬಾರದು ಎಂದು ಅಣ್ಣ ದಿನವೂ ಕೇಳುತ್ತಿದ್ದ. ಈ ಕಾಯಿಲೆಯಲ್ಲಿ ಕಾವಲನ್ನು ಅವಸರದಿಂದ ಎಬ್ಬಿಸಿದರೆ ಅದು ಮಿದುಳಿನೊಳಗೇ ಹೊಡೆದಾಟಕ್ಕೆ ಇಳಿಯುತ್ತದೆ, ಮೊದಲು ಬೂಷ್ಟು ಇಳಿಯಲಿ ಎಂದು ನಾನೂ ದಿನವೂ ಹೇಳುತ್ತಿದ್ದೆ. ಅವನು ನಂಬಲಿಲ್ಲ.

ನಮಗೆ ಗೊತ್ತಿಲ್ಲದಿದ್ದುದು ಒಂದೇ. ತಲೆನೋವು ಮರಳಿ ಬಂದಿತ್ತು. ಆಕೆ ಬಚ್ಚಿಟ್ಟಿದ್ದಳು. ಇನ್ನೊಂದು ಸಲ ಬೆನ್ನಿಗೆ ಕೈ ಹಾಕಿದರೆ ತಂಗಿಯನ್ನು ಹೊತ್ತುಕೊಂಡು ಹೋಗುತ್ತೇನೆ ಎಂದು ಅಣ್ಣ ಅತ್ತೆಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಅವನ ಮುಂದೆಯೇ ನಾವು "ತಲೆನೋವು ಇದೆಯಾ?" ಅನ್ನುತ್ತಿದ್ದೆವು. ಇಲ್ಲ ಅನ್ನುತ್ತಿದ್ದಳು.

ಆ ಮಧ್ಯಾಹ್ನ ಕಿಟಕಿ ತೆರೆದಿತ್ತು. ಬಿಸಿಲು ಅವಳ ಹಾಸಿಗೆಯ ಮೇಲೆಯೇ ಬಿದ್ದಿತ್ತು. ನಾನು ನಳಿಕೆ ತೊಳೆಯುತ್ತಿದ್ದೆ. ಅವಳು ಕಣ್ಣು ಬಿಟ್ಟುಕೊಂಡೇ ಕೇಳಿದಳು:

"ಸಿಸ್ಟರ್, ಕಿಟ್ಕಿ ಯಾಕೆ ಮುಚ್ಚಿದ್ರಿ?"

ಈಗಲೂ, ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಆ ಪ್ರಶ್ನೆ ಬರುತ್ತದೆ. ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಮಿಟುಕಲಿಲ್ಲ. ಕಣ್ಣಿಗೆ ಹೋಗುವ ನರವನ್ನು ಒತ್ತಡ ಹಿಸುಕುತ್ತಿತ್ತು. ಬೇಗ ನೀರು ತೆಗೆಯದಿದ್ದರೆ ಮೊದಲು ದೃಷ್ಟಿ, ಆಮೇಲೆ ಅವಳು.

ಡಾಕ್ಟರಿಗೆ ಫೋನ್ ಮಾಡಿದೆ. ಸೂಜಿಯ ಟ್ರೇ ತರುವಷ್ಟರಲ್ಲಿ ಅಣ್ಣನಿಗೆ ಗೊತ್ತಾಯಿತು.

"ಮತ್ತೆ ಬೆನ್ನಿಗಾ? ಒಂದೇ ಸಲ ಅಂದ್ರಿ! ಒಂದ್ಸಲಕ್ಕೇ ಕಣ್ಣು ಹೋಯ್ತು, ಇನ್ನೊಂದ್ಸಲಕ್ಕೆ ಪ್ರಾಣ ತೆಗೀತೀರಾ? ಆಟೋ ಕರೆಸಿದೀನಿ. ಕೈಯಲ್ಲಿರೋ ಸೂಜಿ ಕೀಳಿ."

"ಕೀಳಲ್ಲ."

"ಸಾಯೋದಾದ್ರೆ ಮನೇಲೇ ಸಾಯ್ಲಿ. ಕೀಳಿ!"

"ನನ್ ಕೈಯಾರೆ ಕೀಳಲ್ಲ. ಬೇಕಾದ್ರೆ ದೊಡ್ಡೋರಿಗೆ ಹೇಳಿ ನನ್ ಕೆಲಸ ಕೀಳ್ಸಿ."

ಅವನು ಸಲೈನ್ ಸ್ಟ್ಯಾಂಡನ್ನೇ ಹಿಡಿದು ಎಳೆದ. ಕಪ್ಪು ಕಾಗದದ ಬಾಟಲಿ ತೂಗಾಡಿ ಗೋಡೆಗೆ ಬಡಿಯಿತು. ನಾನು ಸ್ಟ್ಯಾಂಡಿಗೂ ಅವಳ ಕೈಗೂ ನಡುವೆ ಸಿಕ್ಕಿಕೊಂಡು ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದೆ. ಅವನ ಬಲ ನನ್ನ ಎರಡರಷ್ಟು. ಬಿಟ್ಟಿದ್ದರೆ ನನಗೇನೂ ಆಗುತ್ತಿರಲಿಲ್ಲ. ಬಿಡಲಿಲ್ಲ.

ಅತ್ತೆ ಎಳನೀರು ಹಿಡಿದುಕೊಂಡು ಬಂದದ್ದು ಆಗ. ಒಂದು ಕ್ಷಣ ನಿಂತು ನೋಡಿದರು. ಎಳನೀರನ್ನು ಕೆಳಗಿಟ್ಟರು.

"ಲೇ, ಬಿಡೋ ಅದನ್ನ."

"ನಿಮಗೆ ಗೊತ್ತಾಗಲ್ಲ ಅತ್ತೆ. ಒಂದೇ ಸಲ ಅಂತ ಮಾತು ಕೊಟ್ಟಿದ್ರು ಇವ್ರು."

"ಯಾರೋ ಅದು ಒಂದೇ ಸಲ ಅಂದವ್ನು?" ಅವರ ದನಿಗೆ ವಾರ್ಡು ತಿರುಗಿತು. ಓಡಿ ಬಂದ ಡಾಕ್ಟರು ಬಾಗಿಲಲ್ಲೇ ನಿಂತರು. "ಅಮ್ಮೋರು ಒಂದು ನೀರಿಗೆ ಹೋಗ್ತಾರೇನೋ? ಮೂರು ಹಾಕಲ್ವಾ? ಹಾಕೋ ನೀರೇ ಮೂರು ಸಲ ಆದ್ರೆ, ತೆಗೆಯೋ ನೀರು ಒಂದೇ ಸಲ ಹೆಂಗಾಗುತ್ತೋ? ಒಂದು ನೀರು ಹಾಕಿ ನಾನು ಬಿಟ್ಟಿದ್ದೆ, ಏನಾಯ್ತು ನೋಡಿದ್ಯಲ್ಲ. ನನ್ ಮಗನ್ನ ಮನೇಲೇ ಸಾಯ್ಲಿ ಅಂತ ಇಟ್ಕೊಂಡೆ, ಸತ್ತ. ಇವಳನ್ನ ಕೊಡಲ್ಲ."

ಅಣ್ಣನ ಕೈ ಸಡಿಲವಾಗಲಿಲ್ಲ. ಆಗ ಹಾಸಿಗೆಯಿಂದ ಮಾತು ಬಂತು.

"ಅಣ್ಣ, ಬೆನ್ನು ನಂದು." ಅವಳು ಅವನಿದ್ದ ಕಡೆ ನೋಡುತ್ತಿರಲಿಲ್ಲ, ಅವನು ಎಲ್ಲಿದ್ದಾನೆಂದು ಅವಳಿಗೆ ಕಾಣುತ್ತಿರಲಿಲ್ಲ. "ನಂಗೆ ಮೊನ್ನೆಯಿಂದ ತಲೆ ಸಿಡೀತಿದೆ. ನಿಂಗೆ ಹೆದ್ರಿ ಹೇಳ್ಲಿಲ್ಲ. ಈಗ ಹೆದ್ರಲ್ಲ. ತೆಗೀರಿ ಡಾಕ್ಟ್ರೇ."

ಅವನು ಸ್ಟ್ಯಾಂಡ್ ಬಿಟ್ಟು ವರಾಂಡಕ್ಕೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತ.

ನೀರು ಮತ್ತೆ ನಳಿಕೆಯ ತುದಿಯಿಂದ ತುಳುಕಿತು. ಡಾಕ್ಟರು ತೆಗೆಯುತ್ತ, ಅಳೆಯುತ್ತ, ಮತ್ತೆ ತೆಗೆದರು. ಮುಗಿದ ಮೇಲೆ ತಾವೇ ವರಾಂಡಕ್ಕೆ ಹೋಗಿ ಅವನ ಪಕ್ಕ ನಿಂತರು. "ಒಂದೇ ಸಲ ಅಂತ ನಾನು ಹೇಳ್ಬಾರದಿತ್ತು. ಒತ್ತಡ ಏರ್ದಾಗೆಲ್ಲ ತೆಗೀಬೇಕು. ನಾಳೆನೂ ತೆಗೀತೀನಿ. ನಾಡಿದ್ದೂ ಬೇಕಾಗ್ಬಹುದು," ಎಂದದ್ದು ನನಗೆ ಕೇಳಿಸಿತು. ಆಟೋ ಖಾಲಿಯಾಗಿ ಹೋಯಿತು.

ಅಂದು ಬೆಳಕು ಮರಳಲಿಲ್ಲ. ಮರುದಿನ ಕಿಟಕಿ ಇರುವ ದಿಕ್ಕು ಗೊತ್ತಾಗುತ್ತಿದೆ ಎಂದಳು. ಇನ್ನೊಂದು ಸಲ ತೆಗೆದ ಮೇಲೆ ನನ್ನ ಕೈಯ ನೆರಳು ಕಂಡಿತು, ಆಮೇಲೆ ಬೆರಳು. ನೀರು ಅತ್ತೆಯ ಲೆಕ್ಕದ ಮೂರಕ್ಕೂ ನಿಲ್ಲಲಿಲ್ಲ. "ಅಮ್ಮೋರಿಗಿಂತ ಮೊಂಡು ಇದು," ಎಂದು ಅವರು ಬೈದರು. ಮೊಂಡುತನದಲ್ಲಿ ನಾವೂ ಕಡಿಮೆಯಿಲ್ಲ ಎಂದೆ. ಪ್ರತಿ ಸಲವೂ ಅವಳ ಮೊಣಕಾಲು ಮಡಿಸಿ ಹಿಡಿದುಕೊಳ್ಳಲು ಅಣ್ಣನೇ ಬರುತ್ತಿದ್ದ. ಒತ್ತಡ ಒಂದು ದಿನ ತಾನಾಗಿಯೇ ಕೆಳಗೆ ನಿಂತಿತು. ಮುಖದ ಗುಳ್ಳೆಗಳು ಒಣಗಿ ಕಪ್ಪು ಕಲೆಗಳಾದವು. ಬಾಟಲಿ ಮುಗಿದು ಮಾತ್ರೆಗೆ ಬಂದೆವು. ಶಿಲೀಂಧ್ರದ ಮಾತ್ರೆ ಬಹಳ ಕಾಲ ನುಂಗಬೇಕು, ಕೆಲವು ವಾರಗಳ ಮೇಲೆ ಎಚ್‌ಐವಿ ಮಾತ್ರೆಯೂ ಸೇರುತ್ತದೆ, ಅದನ್ನು ಬಿಡುವ ಹಾಗೇ ಇಲ್ಲ. ಇದನ್ನು ನಾನು ಹೇಳುವ ಮೊದಲು ಅವಳೇ ನನಗೆ ಒಪ್ಪಿಸಿದಳು.

ಅಂದಿನಿಂದ ನಮ್ಮ ವಾರ್ಡಿನಲ್ಲಿ ಒಂದೇ ಸಲ ಎಂದು ಯಾರೂ ಹೇಳದಂತೆ ನೋಡಿಕೊಳ್ಳುತ್ತೇನೆ. ತಲೆನೋವು ಇದೆಯಾ ಎಂಬ ಪ್ರಶ್ನೆಯನ್ನು ಮನೆಯವರನ್ನು ಟೀ ಕುಡಿಯಲು ಕಳಿಸಿ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಬಿಡುಗಡೆಯ ದಿನ ಅಣ್ಣ ಸಂಜೆ ಕತ್ತಲಾದ ಮೇಲೆ ಹೊರಡೋಣ ಅಂದ. ಸೆರಗು ಮುಖಕ್ಕೆ ಎಳೆದುಕೊಳ್ಳಲಿ, ಊರಿನವರು ಕಲೆ ನೋಡಿ ನೂರೆಂಟು ಕೇಳುತ್ತಾರೆ.

"ನಾನೇನ್ ಕದ್ದು ಬಂದಿದೀನಾ?" ಅಂದಳು ಅವಳು. "ಈ ಬಸ್ಸಿಗೇ ಹೋಗ್ತೀನಿ."

ಬಸ್ ಸ್ಟ್ಯಾಂಡಿನವರೆಗೂ ನಾನು ಹೋದೆ. ಕಿಟಕಿಯ ಪಕ್ಕದ ಸೀಟು ಹಿಡಿದು ಕೂತಳು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅತ್ತೆ ಕೈಚಾಚಿ ಶಟರ್ ಎಳೆದರು. ಅವಳು ಅದನ್ನು ಮೇಲಕ್ಕೆ ತಳ್ಳಿದಳು. ಅವರು ಮತ್ತೆ ಎಳೆದರು, ಅವಳು ಮತ್ತೆ ತಳ್ಳಿದಳು. ನಾನು ಕಿಟಕಿಯ ಕೆಳಗೆ ನಿಂತಿದ್ದೆ. ಎಡಗಣ್ಣಿನ ಅಂಚು ಇನ್ನೂ ಮಂಜು ಎಂದು ನನಗೆ ಗೊತ್ತಿತ್ತು.

ಕೇಳದೆಯೇ ಅವಳು ಎದುರಿನ ಬಸ್ಸುಗಳ ಬೋರ್ಡು ಓದತೊಡಗಿದಳು. "ಮಾಲೂರು." ಕಣ್ಣು ಕಿರಿದು ಮಾಡಿ, "ಮುಳಬಾಗಿಲು."

"ಸರಿಯಾಗಿ ಓದಿದ್ಲಾ ಸಿಸ್ಟರಮ್ಮ?" ಎಂದು ಓದು ಬಾರದ ಅತ್ತೆ ಕಿಟಕಿಯಿಂದ ತಲೆ ಹಾಕಿದರು.

"ಸರಿಯಾಗಿ ಓದಿದ್ಲು."

"ಅಗೋ, ಆ ಮೂಲೇಲಿರೋದು?"

ದೂರದ ಮೂಲೆಯಲ್ಲಿ ಒಂದು ಬಸ್ ನಿಂತಿತ್ತು. ಅವಳು ಬಹಳ ಹೊತ್ತು ನೋಡಿದಳು. ಮೊದಲು ಎರಡೂ ಕಣ್ಣಿನಿಂದ, ಆಮೇಲೆ ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ. ಅವರ ಬಸ್ಸಿನ ಎಂಜಿನ್ ಶುರುವಾಯಿತು. ಅವಳು ಶಟರ್ ಕೆಳಗಿಳಿಸಲಿಲ್ಲ.

"ಅದು ಮುಂದಿನ ತಿಂಗಳು," ಎಂದು ನನಗೆ ಕೂಗಿ ಹೇಳಿದಳು. "ಮಾತ್ರೆಗೆ ಬಂದಾಗ ಓದ್ತೀನಿ."